ಬಲಕ್ಕೆ ಮಾತ್ರ ತಿರುಗುವ ಕಂಬಳಿಹುಳ

ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಯಾರದೋ ಹೊಲದ ಮೂಲೆಯಲ್ಲಿ ಗಿಡಗಂಟಿ ಮುಚ್ಚಿಕೊಂಡು ಬಿದ್ದಿರುವ, ಗಾಲಿ ಬದಲು ಚೈನಿನ ಪಟ್ಟಿ ಮೇಲೆ ಓಡುವ ಹಳೇ ಚೈನ್ ಟ್ರ್ಯಾಕ್ಟರ್ ಒಂದು ಕಣ್ಣಿಗೆ ಬಿದ್ದಿದೆ, ಮಗನನ್ನೂ ಸೇರಿಸಿಕೊಂಡು ರಿಪೇರಿ ಮಾಡಬೇಕು ಅಂತಿದ್ದೇನೆ, ನೀನೂ ನಿನ್ನ ಮಗನೂ ನಿಮ್ಮದನ್ನು ಹೇಗೆ ಮಾಡಿದಿರಿ ಅಂತ ಕೇಳಿದ್ದೀಯ. ನಾಲ್ಕು ಸಾಲಲ್ಲಿ ಮುಗಿಸೋಣ ಅಂತ ಕೂತೆ. ಆಗಲಿಲ್ಲ. ಬೇರೆ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದುವ ಕಡೆಯೇ ಹಾಕುತ್ತಿದ್ದೇನೆ. ನನ್ನ ಮಗನಿಗೆ ಮೊದಲೇ ತೋರಿಸಿದೆ. ಅವನು ಎರಡು ಕಡೆ ಗೀಟು ಹಾಕಿ ಹೊಡೆದುಹಾಕಿದ. ಎರಡೂ ನಾನು ನನ್ನನ್ನೇ ಹೊಗಳಿಕೊಂಡಿದ್ದ ಕಡೆ.

ಆ ವರ್ಷ ನಮ್ಮ ಮನೆಯಲ್ಲಿ ಮಾತು ನಿಂತೇ ಹೋಗಿತ್ತು, ನಿನಗೆ ಗೊತ್ತಲ್ಲ. ಅವನು ಓದು ಅರ್ಧಕ್ಕೆ ಬಿಟ್ಟು ಬಂದ. ನಾನು ಆಡಬಾರದ ಮಾತೊಂದು ಆಡಿದೆ. ಆಮೇಲೆ ಎಂಟು ತಿಂಗಳು ನಮ್ಮ ಮಧ್ಯೆ ಇದ್ದಿದ್ದು ‘ಲೈಟ್ ಆರಿಸು’, ‘ಗೇಟ್ ಹಾಕಿದ್ಯಾ’, ಇಷ್ಟೇ. ಮಗನನ್ನು ಮಾತಿಗೆ ಎಳೆಯೋಕೆ ಟ್ರ್ಯಾಕ್ಟರ್ ತಂದೆ ಅಂತ ಹೇಳಿದರೆ ಕೇಳೋಕೆ ಚೆನ್ನಾಗಿರುತ್ತೆ, ಆದರೆ ಸುಳ್ಳು. ನನಗೆ ಬೇಕಿತ್ತು, ಅದಕ್ಕೆ ಕೊಂಡು ತಂದೆ. ಚಿಕ್ಕಂದಿನಿಂದ ಆ ಆಸೆ ಇತ್ತು.

ಲಾರಿಯಿಂದ ಇಳಿಸುವಾಗ ಅವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಎಲ್ಲರೂ ಹೋದ ಮೇಲೆ ಹೊರಗೆ ಬಂದು ಸುತ್ತ ಒಂದು ಸುತ್ತು ಹಾಕಿದ. ಕಂಪನಿಯ ಸೀರಿಯಲ್ ನಂಬರ್ ಕೊರೆದ ಪ್ಲೇಟಿನ ಮೇಲಿದ್ದ ಜಿಡ್ಡನ್ನು ಹೆಬ್ಬೆರಳಿಂದ ಉಜ್ಜಿದ. ಏನೂ ಹೇಳದೆ ಒಳಗೆ ಹೋದ. ರಾತ್ರಿ ಮಲಗುವ ಹೊತ್ತಿಗೆ ನನ್ನ ಕೋಣೆ ಬಾಗಿಲಲ್ಲಿ ನಿಂತು, “ಅದು ಕ್ಯಾಟರ್‌ಪಿಲ್ಲರ್ ಡಿ2. ನಂಬರ್ 5ಯು ಅಂತ ಶುರುವಾಗುತ್ತೆ, ಅಂದ್ರೆ 1947ರಿಂದ 1957ರೊಳಗಿಂದು” ಅಂದ. ಎಂಟು ತಿಂಗಳಲ್ಲಿ ಅದೇ ಅವನು ಆಡಿದ ಅತಿ ಉದ್ದದ ಮಾತು. ನಾನು ಅಲ್ಲಿಗೇ ಸುಮ್ಮನಿರಬೇಕಿತ್ತು. ಸುಮ್ನಿರದೆ, “ಬೂದು ಬಣ್ಣ ಹೊಡೆಸೋಣ, ಹಳೇ ಗಾಡಿಗಳೆಲ್ಲ ಬೂದು ಬಣ್ಣದವೇ” ಅಂದೆ. “1931ರ ಕೊನೆಗೇ ಕಂಪನಿಯವರು ಬೂದು ಬಿಟ್ಟು ಹಳದಿಗೆ ಬಂದ್ರು. ಡಿ2 ಮೊದಲು ಬಂದಿದ್ದೇ 1938ರಲ್ಲಿ” ಅಂದು ಹೊರಟುಹೋದ. ಮೊದಲ ದಿನವೇ ಸೋತೆ.

ನೀನು ಅದನ್ನು ಕೊಳ್ಳೋಕೆ ಮುಂಚೆ ಒಂದು ಕೆಲಸ ಮಾಡು. ಸೈಲೆನ್ಸರ್ ಬಾಯಿ ನೋಡು. ಅದರ ಮೇಲೆ ಯಾರಾದರೂ ಪುಣ್ಯಾತ್ಮರು ಖಾಲಿ ಡಬ್ಬ ಬೋರಲು ಹಾಕಿದ್ದರೆ ಅರ್ಧ ಗೆದ್ದ ಹಾಗೆ. ನಮ್ಮದಕ್ಕೆ ಹಾಕಿರಲಿಲ್ಲ. ವರ್ಷಗಟ್ಟಲೆ ಮಳೆ ನೀರು ಒಳಗೆ ಇಳಿದು ಎಂಜಿನ್ ತಿರುಗದ ಹಾಗೆ ಕಚ್ಚಿಕೊಂಡುಬಿಟ್ಟಿತ್ತು. ಒಂದು ತಗಡಿನ ಡಬ್ಬ ಕಣೋ! ಆಯಿಲ್ ಬೋಲ್ಟನ್ನು ಸಡಿಲ ಮಾಡಿದಾಗ ಮೊದಲು ಬಂದಿದ್ದು ನೀರು, ಸುಮಾರು ಹೊತ್ತು ನೀರೇ, ಆಮೇಲೆ ಕೀಲೆಣ್ಣೆಯಂಥ ಕಪ್ಪು ಗಸಿ.

ಹೆಡ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ, ಬಿಚ್ಚಿ ನೋಡಿದರೆ ನಾಲ್ಕು ಸಿಲಿಂಡರಲ್ಲಿ ಮೂರು ಪರವಾಗಿಲ್ಲ, ಒಂದರಲ್ಲಿ ಪಿಸ್ಟನ್ ಸುತ್ತ ತುಕ್ಕು ಉಂಗುರದ ಥರ ಕೂತಿತ್ತು. ಹೆಡ್ ಬಿಚ್ಚೋಕೆ ಮುಂಚೆ ಗಾಳಿ, ಹೊಗೆ ಓಡಾಡುವ ಕೊಳವೆ, ಮ್ಯಾನಿಫೋಲ್ಡ್, ತೆಗೆಯಬೇಕಲ್ಲ, ನಾನು ಹಾಳು ಮಾಡಿದ್ದು ಅಲ್ಲೇ. ಅವನು ಒಂದೊಂದು ನಟ್ಟಿಗೂ ಎಣ್ಣೆ ಬಿಟ್ಟು, ಕಾಲು ಸುತ್ತು ಬಿಚ್ಚಿ, ಅದರಲ್ಲಿ ಅರ್ಧ ಹಿಂದಕ್ಕೆ ತಿರುಗಿಸಿ, ಮತ್ತೆ ಎಣ್ಣೆ ಬಿಟ್ಟು, ಹೀಗೆ ಮಾಡುತ್ತಿದ್ದ. ನನಗೆ ನೋಡೋಕೇ ಆಗುತ್ತಿರಲಿಲ್ಲ. “ಕೊಡಿಲ್ಲಿ” ಅಂತ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ. ಒಂದೇ ಎಳೆತ. ಟಣ್ ಅಂತ ನಟ್ಟು ಕೂರುವ ಸ್ಟಡ್ ಮುರಿಯಿತು, ಬುಡಕ್ಕೇ. ಅವನು ಬೈಯಲಿಲ್ಲ. ಸ್ಪ್ಯಾನರ್ ವಾಪಸ್ ಕೇಳಲೂ ಇಲ್ಲ. ಕೈ ಒರೆಸಿಕೊಂಡು ಒಳಗೆ ಹೋದ. ಅವನು ಓದು ಬಿಟ್ಟು ಬಂದ ದಿನ ನಾನು ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ ಅಂತ ಆವತ್ತು ಶೆಡ್ಡಿನಲ್ಲಿ ಒಬ್ಬನೇ ಕೂತಾಗ ಅನ್ನಿಸಿತು. ಅವನು ಕಾಲು ಸುತ್ತು ಅಂತಿದ್ದ, ನಾನು ಒಂದೇ ಎಳೆತ ಎಳೆದಿದ್ದೆ.

ಎರಡು ದಿನ ಬಿಟ್ಟು ಅವನೇ ಬಂದ. ಮುರಿದ ಸ್ಟಡ್ಡಿನ ಮೇಲೆ ಒಂದು ನಟ್ಟು ಇಟ್ಟು ಅದರ ತೂತಿನ ಒಳಗಿಂದ ವೆಲ್ಡಿಂಗ್ ಮಾಡಿದ. ಕೆಂಪಗೆ ಕಾದಿದ್ದು ತಣ್ಣಗಾಗುವಾಗ ತುಕ್ಕು ಬಿಟ್ಟುಕೊಳ್ಳುತ್ತೆ, ಹೊರಗೆ ತಿರುಗಿಸೋಕೆ ಹಿಡಿಯೂ ಸಿಕ್ಕ ಹಾಗಾಗುತ್ತೆ. ಮೂರನೇ ಸಲಕ್ಕೆ ಬಂತು. ಆಮೇಲೆ ನಮ್ಮ ನಡುವೆ ಒಂದು ನಿಯಮ. ಯಾರ ಕೈಯಲ್ಲಿ ಸ್ಪ್ಯಾನರ್ ಇದೆಯೋ ಅವರೇ ಕೊಡುವ ತನಕ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಇಬ್ಬರಿಗೂ ಅಂತ ಮಾಡಿದ್ದು, ಬೇಕಾಗಿದ್ದು ನನಗೆ.

ಇನ್ನೊಂದು ವಿಷಯ, ಮರೆಯೋಕೆ ಮುಂಚೆ ಹೇಳಿಬಿಡುತ್ತೇನೆ. ಈ ಗಾಡಿಯ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ಮಿಲಿಮೀಟರ್ ಸ್ಪ್ಯಾನರಲ್ಲಿ ‘ಹತ್ತಿರ ಇದೆ, ನಡೆಯುತ್ತೆ’ ಅಂತ ಹೋದರೆ ಬೋಲ್ಟಿನ ಮೂಲೆ ಸವೆದು ಗುಂಡಗಾಗುತ್ತೆ. ಹೇಗೆ ಗೊತ್ತು ಅಂತ ಕೇಳಬೇಡ.

ಕಚ್ಚಿಕೊಂಡ ಎಂಜಿನ್ನಿಗೆ ನನ್ನ ಹತ್ತಿರ ಸುಲಭದ ಉಪಾಯ ಇತ್ತು. ಗೇರಿಗೆ ಹಾಕಿ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯೋದು. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿದರೆ ಆಮೇಲೆ ಗುಜರಿಗೇ ಅಂದ ಮಗ. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಸಮ ಸಮ ಬೆರೆಸಿ ಸಿಲಿಂಡರಿಗೆ ಹಾಕಿದ (ಹತ್ತಿರ ಬೆಂಕಿ ಕಿಡಿ ಬೇಡ, ನೀನು ಬೀಡಿ ಸೇದುವವನು, ಅದಕ್ಕೆ ಹೇಳಿದೆ). ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಫ್ಲೈವೀಲ್, ಅದರ ಅಂಚಿನ ಮೇಲೆ ಒಂದು ಚಾಕ್‌ಪೀಸ್ ಗೆರೆ, ಎದುರು ಅದರ ಕವಚದ ಮೇಲೆ ಇನ್ನೊಂದು ಗೆರೆ, ಎರಡೂ ಸರಿಯಾಗಿ ಒಂದಕ್ಕೊಂದು ಕೂಡುವಂತೆ ಎಳೆದ. ದಿನಾ ಸಂಜೆ ಫ್ಲೈವೀಲಿನ ಹಲ್ಲಿಗೆ ಸಲಾಕೆ ಕೊಟ್ಟು ಐದು ಸಲ ಮುಂದಕ್ಕೆ ಒತ್ತು, ಐದು ಸಲ ಹಿಂದಕ್ಕೆ ಒತ್ತು. ಜೋರಾಗಿ ಅಲ್ಲ, ಸಲಾಕೆ ಬಾಗದ ಹಾಗೆ. ಪಿಸ್ಟನ್ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ನಾಲ್ಕು ಪೆಟ್ಟು. ಮತ್ತೆ ಎಣ್ಣೆ ಹಾಕಿ ಮುಚ್ಚಿ ಬರೋದು. ಅಷ್ಟೇ. ಒಂದು ವಾರ, ಎರಡು ವಾರ. ಗೆರೆ ಇದ್ದಲ್ಲೇ ಇತ್ತು. ನಾನು ಮನಸ್ಸಲ್ಲೇ ಗುಜರಿಯವನ ಲೆಕ್ಕ ಹಾಕುತ್ತಿದ್ದೆ.

ಇಪ್ಪತ್ಮೂರನೇ ದಿನ ನಾನು ಹೋಗಿರಲಿಲ್ಲ, ಬೇಜಾರಾಗಿತ್ತು. ಅವನು ಶೆಡ್ಡಿನಿಂದ ಕರೆದ. “ಅಪ್ಪ, ಒಂದ್ನಿಮಿಷ ಬಾ.” ಹೋದರೆ ಟಾರ್ಚ್ ಹಿಡಿದು ಕೂತಿದ್ದಾನೆ. ಎರಡು ಚಾಕ್ ಗೆರೆಗಳ ನಡುವೆ ಬೆಂಕಿಕಡ್ಡಿ ದಪ್ಪದಷ್ಟು ಸಂದು. ಅಷ್ಟೇ. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಅವನು ಸಲಾಕೆಯನ್ನು ನನ್ನ ಕೈಗೆ ಕೊಟ್ಟ. ನಿಯಮದ ಪ್ರಕಾರ, ಅವನಾಗಿಯೇ.

ಆ ದಿನಗಳಲ್ಲಿ ತುಕ್ಕು ಕೆರೆಯುತ್ತಾ ಅವನು ಈ ಗಾಡಿಗಳ ಕತೆ ಹೇಳುತ್ತಿದ್ದ. ಅಮೆರಿಕದ ಸ್ಟಾಕ್‌ಟನ್ ಕಡೆ ಮೆತ್ತನೆ ಮಣ್ಣಲ್ಲಿ ಭಾರದ ಉಗಿಯಂತ್ರದ ಟ್ರ್ಯಾಕ್ಟರುಗಳು ಹೂತುಹೋಗುತ್ತಿದ್ದವಂತೆ. ಬೆಂಜಮಿನ್ ಹೋಲ್ಟ್ ಅನ್ನುವವನು ಹಿಂದಿನ ಗಾಲಿ ತೆಗೆದು ಆ ಜಾಗದಲ್ಲಿ ಹಲಗೆಯ ಪಟ್ಟಿ ಸುತ್ತಿಸಿ 1904ರ ನವೆಂಬರ್ 24ಕ್ಕೆ ಓಡಿಸಿ ನೋಡಿದ. ಅದು ಹೋಗುವುದನ್ನು ನೋಡಿದ ಫೋಟೋಗ್ರಾಫರ್ ಒಬ್ಬ ‘ಕಂಬಳಿಹುಳ ತೆವಳಿದ ಹಾಗಿದೆ’ ಅಂದನಂತೆ, ಇಂಗ್ಲಿಷಿನಲ್ಲಿ ಕಂಬಳಿಹುಳ ಅಂದರೆ ಕ್ಯಾಟರ್‌ಪಿಲ್ಲರ್, ಅದೇ ಹೆಸರಾಯಿತು. 1925ರಲ್ಲಿ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ಒಂದಾಗಿ ಕ್ಯಾಟರ್‌ಪಿಲ್ಲರ್ ಆಯಿತು. ಕೇಳಿದ ಮೇಲೆ ನಾವೂ ನಮ್ಮದನ್ನು ಕಂಬಳಿಹುಳ ಅಂತಲೇ ಕರೆಯೋದು. ಮೈಮೇಲೆ ಎದ್ದ ತುಕ್ಕಿನ ಹಕ್ಕಳೆ ನೋಡಿದರೆ ಹೆಸರು ತಪ್ಪೇನಲ್ಲ. ಓದು ಬಿಟ್ಟವನು ಅಂತ ನಾನು ತಿಳಿದುಕೊಂಡಿದ್ದ ಹುಡುಗ ಇಷ್ಟೆಲ್ಲಾ ಓದುತ್ತಿದ್ದ ನೋಡು.

ಸ್ಟಾರ್ಟ್ ಮಾಡೋ ವಿಷಯ ನಿನಗೆ ಇಷ್ಟವಾಗುತ್ತೆ. ಡಿ2ದ ಮೈಮೇಲೆ ಒಂದು ಪುಟ್ಟ ಎರಡು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕೂತಿರುತ್ತೆ. ಅವರು ಪೋನಿ ಅನ್ನುತ್ತಾರೆ, ನಮಗೆ ಅದು ಮರಿ ಎಂಜಿನ್. ಮೊದಲು ಮರಿಯನ್ನು ಕೈಯಲ್ಲೇ ತಿರುಗಿಸಿ ಎಬ್ಬಿಸಬೇಕು. ಅದು ಎದ್ದ ಮೇಲೆ ದೊಡ್ಡದನ್ನು ತಿರುಗಿಸುತ್ತೆ. ಮರಿಯ ಬಿಸಿ ಹೊಗೆ ದೊಡ್ಡ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯನ್ನು ಬೆಚ್ಚಗೆ ಮಾಡುತ್ತೆ, ಇಬ್ಬರಿಗೂ ರೇಡಿಯೇಟರ್ ನೀರೂ ಒಂದೇ. ಡೀಸೆಲ್ಲಿಗೆ ಕಿಡಿ ಇಲ್ಲ ನೋಡು, ಒತ್ತಿದ ಗಾಳಿಯ ಕಾವಿಗೇ ಹತ್ತಿಕೊಳ್ಳಬೇಕು, ಮೈ ತಣ್ಣಗಿದ್ದರೆ ಹಟ ಮಾಡುತ್ತೆ. ಅದಕ್ಕೇ ಈ ಉಪಚಾರ.

ಮರಿಯ ಮ್ಯಾಗ್ನೆಟೊ ಬಿಚ್ಚಿ ಒಣಗಿಸಿ, ಕಾರ್ಬ್ಯುರೇಟರಿನಲ್ಲಿ ಗೋಂದಿನಂತಾಗಿದ್ದ ಪೆಟ್ರೋಲನ್ನು ಕೆರೆದು ತೆಗೆದು, ಇಂಜೆಕ್ಷನ್ ಪಂಪಿನ ಅಂಟಿಕೊಂಡಿದ್ದ ರ್‍ಯಾಕನ್ನು ಬಿಡಿಸಿ... ಅದೆಲ್ಲ ಬರೆದರೆ ನೀನು ನಿದ್ದೆ ಹೋಗುತ್ತೀಯ. ಕೊನೆಗೊಂದು ದಿನ ಮರಿ ಎದ್ದಿತು. ಕಿವಿ ಕಿತ್ತುಹೋಗುವ ಹಾಗೆ ಡರ್ರ್ ಅಂತ. ಕಂಪ್ರೆಶನ್ ಲಿವರ್ ನನ್ನ ಕೈಯಲ್ಲಿ. ಅದು ಬಿಟ್ಟಿರುವ ತನಕ ದೊಡ್ಡ ಎಂಜಿನ್ ಒತ್ತಡವಿಲ್ಲದೆ ಸುಮ್ನೆ ತಿರುಗುತ್ತಿರುತ್ತೆ. ಮಗ ಡೀಸೆಲ್ ಲಿವರ್ ಹತ್ತಿರ, ಆಯಿಲ್ ಪ್ರೆಶರ್ ಮುಳ್ಳಿನ ಮೇಲೆ ಕಣ್ಣು. ನನಗೆ ಕೈ ಕಡಿಯುತ್ತಿತ್ತು. ಅವನು ಒಂದು ಕೈ ಎತ್ತಿ ‘ಇನ್ನೂ ಬೇಡ’ ಅಂತ ತೋರಿಸಿದ. ಕಾದೆ. ಮತ್ತೂ ಕಾದೆ. ಸಿಗ್ನಲ್ಲಿನಲ್ಲಿ ಹಾರ್ನ್ ಹೊಡೆಯುವ ಆಸಾಮಿ ನಾನು, ನಿನಗೆ ಗೊತ್ತು. ಅವನು ಕೈ ಇಳಿಸಿದ, ನಾನು ಲಿವರ್ ಎಳೆದೆ, ಅವನು ಡೀಸೆಲ್ ಬಿಟ್ಟ. ಬಿಳಿ ಹೊಗೆ, ಒಂದು ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ನೆಲದೊಳಗಿಂದ ಬಂದ ಹಾಗೆ ಡುಗು ಡುಗು ಡುಗು. ಅವನು ಮರಿಯನ್ನು ಆರಿಸಿದ. ದೊಡ್ಡದು ಓಡುತ್ತಲೇ ಇತ್ತು. “ನೋಡು, ಚಿಕ್ಕವರು ಕಾವು ಕೊಟ್ರೆ ದೊಡ್ಡವರು ಏಳ್ತಾರೆ” ಅಂತ ಹಲ್ಲು ಬಿಟ್ಟ. ಕಪಾಳಕ್ಕೆ ಕೊಡೋ ಹಾಗಿತ್ತು, ಕೊಡಲಿಲ್ಲ.

ಚೈನಿನ ಕೆಲಸ ಮಾತ್ರ ಹುಷಾರು. ಒಂದೊಂದೂ ನೂರಾರು ಕೆಜಿ. ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನು ಬುಷ್ಷು ಒಂದೇ ಕಡೆ ಸವೆದಿರುತ್ತವೆ, ಪ್ರೆಸ್ಸಿನಲ್ಲಿ ಕಳಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಕಡೆ ಕೆಲಸಕ್ಕೆ ಬರುತ್ತೆ. ಅದನ್ನು ಹೊರಗೆ ಕೊಟ್ಟು ಮಾಡಿಸಿದೆವು. ಚೈನ್ ಸುತ್ತಿಕೊಂಡು ಬರುವ ಮುಂದಿನ ಚಕ್ರ, ಐಡ್ಲರ್, ಅದರ ಹಿಂದೆ ಒಂದು ದಪ್ಪ ಸ್ಪ್ರಿಂಗ್ ಇರುತ್ತೆ, ಅದನ್ನು ಟನ್‌ಗಟ್ಟಲೆ ಒತ್ತಡದಲ್ಲಿ ಕೂರಿಸಿರುತ್ತಾರೆ. ಅದರ ಬೋಲ್ಟಿಗೆ ನೀನೂ ಕೈ ಹಾಕಬೇಡ, ಮಗನಿಗೂ ಬಿಡಬೇಡ. ಇದೊಂದು ವಿಷಯದಲ್ಲಿ ತಮಾಷೆ ಇಲ್ಲ.

ಆ ಮಾತಿನ ವಿಷಯ. ಒಂದು ಮಧ್ಯಾಹ್ನ ಇಬ್ಬರೂ ಗಾಡಿಯ ಹೊಟ್ಟೆ ಕೆಳಗೆ ಅಂಗಾತ ಮಲಗಿದ್ದೆವು, ತಲೆ ಆ ಕಡೆ ಈ ಕಡೆ. ಅವನ ಮುಖ ನನಗೆ ಕಾಣಿಸುತ್ತಿರಲಿಲ್ಲ. ಅದಕ್ಕೇ ಧೈರ್ಯ ಬಂತೋ ಏನೋ, ಮೇಲಿದ್ದ ತಗಡಿಗೆ ಹೇಳಿದ ಹಾಗೆ, “ಆವತ್ತು ನಾನು ಹಾಗಂದಿದ್ದು ತಪ್ಪು ಕಣೋ” ಅಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕೈ ನನ್ನ ಕಡೆ ಬಂತು, ಗ್ರೀಸ್ ಮೆತ್ತಿದ ಕೈ. “ಮುಕ್ಕಾಲು ಇಂಚಿಂದು ಕೊಡು” ಅಂದ. ಕೊಟ್ಟೆ. ಸ್ಪ್ಯಾನರ್ ತಗೊಂಡ ಮೇಲೂ ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಇವತ್ತಿನ ತನಕ ಅದರ ಬಗ್ಗೆ ನಾವು ಮಾತಾಡಿದ್ದು ಅಷ್ಟೇ. ನಾವಿಬ್ಬರೂ ಈಗ ದಿನವಿಡೀ ಹರಟುತ್ತೇವೆ ಅಂತೇನಲ್ಲ. ಮಾತಾಡಿದರೂ ಮುಕ್ಕಾಲು ಪಾಲು ಬೋಲ್ಟಿನದೇ.

ಬಣ್ಣದ ಜಗಳ ಇನ್ನೂ ಮುಗಿದಿಲ್ಲ. ನನಗೆ ಹೊಸ ಹಳದಿ ಬೇಕು, ಅವನಿಗೆ ಇರುವ ಹಳೇ ಬಣ್ಣದ ಮೇಲೆ ಎಣ್ಣೆ ಸವರಿ ಹಾಗೇ ಬಿಡಬೇಕು. ನೀನು ಬಂದರೆ ನನ್ನ ಪರ ಮಾತಾಡು.

ಗಾಡಿ ಈಗ ಓಡುತ್ತೆ. ಒಂದೇ ಒಂದು ತೊಂದರೆ. ಇದಕ್ಕೆ ಸ್ಟೀರಿಂಗ್ ಚಕ್ರ ಇಲ್ಲ, ಎರಡು ಕಡೆಗೂ ಒಂದೊಂದು ಕ್ಲಚ್ಚು, ಒಂದೊಂದು ಲಿವರು. ಎಡಕ್ಕೆ ಹೋಗಬೇಕಾದರೆ ಎಡದ ಕ್ಲಚ್ ಬಿಡಿಸಿ ಆ ಕಡೆಯ ಚೈನನ್ನು ನಿಲ್ಲಿಸಬೇಕು. ವರ್ಷಗಟ್ಟಲೆ ನಿಂತಿದ್ದಕ್ಕೆ ಎಡದ ಕ್ಲಚ್ಚಿನ ಪ್ಲೇಟುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. ಬಿಚ್ಚಲೇಬೇಕು, ಮಳೆ ಮುಗಿಯಲಿ ಅಂತ ಮಗನ ಲೆಕ್ಕ. ಅಲ್ಲಿವರೆಗೆ ನಮ್ಮ ಕಂಬಳಿಹುಳ ಬಲಕ್ಕೆ ಮಾತ್ರ ತಿರುಗುತ್ತೆ. ಎಡಕ್ಕೆ ಹೋಗಬೇಕು ಅಂದರೆ ಬಲಕ್ಕೇ ಮುಕ್ಕಾಲು ಸುತ್ತು ಹಾಕಿ ಹೋಗೋದು. ಮನೆ ಹಿಂದಿನ ನೆಲ ಪೂರ್ತಿ ಉಂಗುರ ಉಂಗುರ. 3 ಟನ್ನಿನ ಮೇಲಿನ ಗಾಡಿ, ಬ್ರೇಕೂ ಇನ್ನೂ ಅಷ್ಟಕ್ಕಷ್ಟೆ.

ಹಾಗಾಗಿ ಭಾನುವಾರ ಮಗನನ್ನು ಕರೆದುಕೊಂಡು ಬಾ, ನಿಮ್ಮ ಟ್ರ್ಯಾಕ್ಟರಿನ ನಂಬರ್ ಪ್ಲೇಟಿನ ಫೋಟೋ ತಗೊಂಡು ಬಾ. ಕಾರು ಮಾತ್ರ ಶೆಡ್ಡಿನ ಬಲಗಡೆ ನಿಲ್ಲಿಸಬೇಡ.

ನಿನ್ನ,
ಕೈ ತೊಳೆದರೂ ಗ್ರೀಸ್ ಹೋಗದ ಗೆಳೆಯ