ಮಗಳಿಗೊಂದು ಪತ್ರ: ಸಾರಾಳ ಸಮಾಧಿಗೆ ಹಗಲಲ್ಲೇ ಹೋಗು

ಚಿ. ಪುಟ್ಟಿಗೆ, ಅಮ್ಮನ ಆಶೀರ್ವಾದಗಳು.

ನೀನು ಕಳುಹಿಸಿದ ವೆಸ್ಟ್ ಇಂಡೀಸಿನ ಟ್ರಿನಿಡಾಡ್ ಪ್ರವಾಸದ ಪಟ್ಟಿಯನ್ನು ಎರಡು ರಾತ್ರಿ ಕುಳಿತು ಓದಿದೆ. ಗೆಳತಿಯರೆಲ್ಲ ಸೇರಿ ದೆವ್ವ ಹುಡುಕಲು ಹೊರಟಿದ್ದೀರಿ ಎಂದಾಗ ನಿನ್ನ ಅಪ್ಪ ಬೇಡವೆಂದರು. ನಾನು ಬೇಡವೆನ್ನುವುದಿಲ್ಲ. ಕೊಳ್ಳಿದೆವ್ವದ ಕಥೆ ಹೇಳುತ್ತಲೇ ನಿನಗೆ ತುತ್ತಿಟ್ಟವಳು ನಾನು. ಆದರೆ ಯಾವ ದೆವ್ವಕ್ಕೆ ಎಷ್ಟು ಹೊತ್ತು ಕೊಟ್ಟಿದ್ದೀರಿ ಎಂಬುದರಲ್ಲಿ ನನ್ನ ತಕರಾರಿದೆ.

ಲೋಪಿನೋ ಕಣಿವೆಗೆ ಎರಡು ರಾತ್ರಿ ಇಟ್ಟಿದ್ದೀರಿ. ಇಂದಿನ ಹೈಟಿಯಲ್ಲಿ ಗುಲಾಮರು ದಂಗೆ ಎದ್ದಾಗ ಅಲ್ಲಿಂದ ಹೊರಟು ಬಂದು, ಟ್ರಿನಿಡಾಡಿನ ಕಾಡಿನಲ್ಲಿ ಕೋಕೋ ತೋಟ ಮಾಡಿಕೊಂಡ ಫ್ರೆಂಚ್ ಜಮೀನ್ದಾರ ಈ ಲೋಪಿನೋ. 1819ರಲ್ಲಿ ತೀರಿಕೊಂಡವನು ಈಗಲೂ ಕುದುರೆಯೇರಿ ಬರುತ್ತಾನೆಂದು ಊರವರು ಹೇಳುತ್ತಾರೆ. ಹೋಗಿ ನೋಡು. ಆದರೆ ಆ ಕಾಡು ಕಡಿದು ತೋಟ ಎಬ್ಬಿಸಿದವರು ಅವನು ಕರೆತಂದ ಗುಲಾಮರು. ಒಡೆಯನ ಕುದುರೆಯ ಸದ್ದಿಗೆ ಎರಡು ರಾತ್ರಿ ಕಿವಿಗೊಡುವವರು, ಆ ಜನರ ಕಥೆಗೆ ಕೊನೆಯ ದಿನದ ಅರ್ಧ ಹೊತ್ತನ್ನಷ್ಟೇ ಉಳಿಸಿದ್ದೀರಿ. ಅದನ್ನು ತಿರುಗಿಸಿಬಿಡು. ಲೋಪಿನೋಗೆ ಒಂದು ಸಂಜೆ ಸಾಕು, ಅಂಥವರ ಕಥೆ ಇರುವ ಪಕ್ಕದ ಟೊಬೇಗೊ ದ್ವೀಪಕ್ಕೆ ಎರಡು ಪೂರ್ತಿ ದಿನ ಕೊಡು.

ಟೊಬೇಗೊದ ಗೋಲ್ಡನ್ ಲೇನ್ ಎಂಬ ಹಳ್ಳಿಯಲ್ಲಿ ಗ್ಯಾಂಗ್ ಗ್ಯಾಂಗ್ ಸಾರಾಳ ಸಮಾಧಿ ಇದೆ. ಅವಳನ್ನು ಮಾಟಗಾತಿ ಎನ್ನುತ್ತಾರೆ. ನನಗೆ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಹಡಗುಗಳಲ್ಲಿ ಸಾಗಿಸಿಬಿಟ್ಟ ತನ್ನವರನ್ನು ಹುಡುಕಿಕೊಂಡು ಆಫ್ರಿಕಾದಿಂದ ಗಾಳಿಯಲ್ಲಿ ಹಾರಿ ಬಂದವಳಂತೆ. ಚಿಕ್ಕಂದಿನಲ್ಲಿ ಕಂಡಿದ್ದ ಟಾಮ್ ಅಲ್ಲಿ ಸಿಕ್ಕಿದ, ಮದುವೆಯಾದಳು. ಅವನು ಸತ್ತ ಮೇಲೆ ಊರಿಗೆ ಮರಳಬೇಕೆಂದು ದೊಡ್ಡದೊಂದು ಬೂರುಗದ ಮರ ಹತ್ತಿ ಕೈ ಚಾಚಿದಳು. ಹಾರಲಾಗಲಿಲ್ಲ, ಬಿದ್ದು ಸತ್ತಳು. ಈ ನೆಲದ ಉಪ್ಪು ತಿಂದಿದ್ದಕ್ಕೆ ಹಾರುವ ವಿದ್ಯೆ ಹೊರಟುಹೋಗಿತ್ತಂತೆ.

ಇದನ್ನು ಓದಿದಂದಿನಿಂದ ಅಡುಗೆಮನೆಯ ಉಪ್ಪಿನ ಭರಣಿ ಮುಟ್ಟುವಾಗಲೆಲ್ಲ ಅವಳ ನೆನಪಾಗುತ್ತದೆ. ನಮ್ಮಲ್ಲಿ ಉಪ್ಪಿನ ಋಣ ಎನ್ನುತ್ತೇವೆ, ಉಂಡ ಮನೆಗೆ ನಿಷ್ಠೆ ಎಂಬ ಅರ್ಥದಲ್ಲಿ. ಆ ದ್ವೀಪಗಳ ಗುಲಾಮರಿಗೆ ಪಡಿತರವಾಗಿ ಸಿಗುತ್ತಿದ್ದುದು ಉಪ್ಪು ಹಾಕಿ ಒಣಗಿಸಿದ ಮೀನು. ಉಪ್ಪು ತಿಂದವನು ಊರಿಗೆ ಹಾರಲಾರ ಎಂದು ಅವರು ಕಥೆ ಕಟ್ಟಿದ್ದೇಕೆಂದು ಯೋಚಿಸು. ತೋಟದ ಲೆಕ್ಕದ ಪುಸ್ತಕ ಬರೆದವರು ಒಡೆಯರು. ಅಕ್ಷರ ಕೈಗೆ ಸಿಗದವರು ತಮ್ಮ ಸಂಕಟವನ್ನು ಬರೆದಿಟ್ಟದ್ದು ಇಂಥ ಕಥೆಗಳಲ್ಲಿ. ಅದಕ್ಕೇ ಸಾರಾಳ ಬಳಿ ಕ್ಯಾಮೆರಾ ಹಿಡಿದು ಕತ್ತಲಲ್ಲಿ ನುಗ್ಗಬೇಡ. ಹಗಲಲ್ಲಿ ಹೋಗು, ಊರಿನ ಹಿರಿಯರನ್ನು ಮಾತನಾಡಿಸು, ಅವರು ಹೇಳುವಷ್ಟನ್ನು ಕೇಳಿಕೋ.

ಸೂಕುಯಾ ಎಂಬ ಮುದುಕಿಯ ಬಗ್ಗೆಯೂ ಕೇಳು. ರಾತ್ರಿ ಚರ್ಮ ಕಳಚಿಟ್ಟು ಬೆಂಕಿಯ ಉಂಡೆಯಾಗಿ ಹಾರಿ ರಕ್ತ ಹೀರುತ್ತಾಳಂತೆ. ಬಾಗಿಲ ಬಳಿ ಅಕ್ಕಿ ಚೆಲ್ಲಿದರೆ ಕಾಳು ಎಣಿಸುತ್ತಾ ಬೆಳಗಾಗುತ್ತದೆ, ಕಳಚಿದ ಚರ್ಮಕ್ಕೆ ಉಪ್ಪು ಸವರಿದರೆ ಮತ್ತೆ ತೊಡಲಾರಳು. ಅಲ್ಲೂ ಉಪ್ಪು! 1845ರಿಂದ 1917ರವರೆಗೆ ನಮ್ಮ ದೇಶದಿಂದ ಅಲ್ಲಿನ ಕಬ್ಬಿನ ಗದ್ದೆಗಳಿಗೆ ಕೂಲಿಗಳಾಗಿ ಹೋದ ಲಕ್ಷಕ್ಕೂ ಹೆಚ್ಚು ಜನ, ಬಸಿರು ಬಾಣಂತನದಲ್ಲಿ ಸತ್ತು ದೆವ್ವವಾದ ಚುಡೈಲ್‌ಳನ್ನೂ ಜೊತೆಗೆ ಒಯ್ದರು. ಪರವೂರಿಗೆ ಹೋಗುವಾಗ ದೇವರ ಪಟ ಒಯ್ಯುವಂತೆ ಭಯವನ್ನೂ ಒಯ್ದರಲ್ಲ, ಆ ಹೆಣ್ಣುಮಕ್ಕಳನ್ನು ನೆನೆದರೆ ಕಣ್ಣು ತುಂಬುತ್ತದೆ.

ಚಾಕಚಕಾರಿ ದ್ವೀಪಕ್ಕೆ ರಾತ್ರಿ ಹೋಗುವ ಯೋಚನೆ ಮಾತ್ರ ಬಿಟ್ಟುಬಿಡು. 1984ರವರೆಗೆ ಅದು ಕುಷ್ಠರೋಗಿಗಳನ್ನು ಇಟ್ಟಿದ್ದ ಜಾಗ, ಅವರ ಆರೈಕೆ ಮಾಡಿದ ಸನ್ಯಾಸಿನಿಯರ ಗೋರಿಗಳು ಅಲ್ಲಿವೆ. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಮಧ್ಯಾಹ್ನ ಮರಳು. ಪಾಳು ಕಟ್ಟಡಗಳ ಮಹಡಿ ಹತ್ತಬೇಡ. ಕೆರಿಬಿಯನ್ ಕಡಲ ತೀರದಲ್ಲಿ ಮ್ಯಾಂಚಿನೀಲ್ ಎಂಬ ಮರವಿದೆ, ಸಣ್ಣ ಹಸಿರು ಸೇಬಿನಂಥ ಹಣ್ಣು. ಅದರ ಹಾಲು ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಮಳೆ ಬಂದರೂ ಅದರಡಿ ನಿಲ್ಲಬಾರದು. ನನಗೆ ಎಲ್ಲ ದೆವ್ವಗಳಿಗಿಂತ ಈ ಮರದ ಹೆದರಿಕೆಯೇ ಹೆಚ್ಚು. ಮಾರ್ಚ್ ಆರಿಸಿಕೊಂಡದ್ದು ಒಳ್ಳೆಯದಾಯಿತು, ಆಗ ಅಲ್ಲಿ ಮಳೆ ಕಡಿಮೆ.

ಕೊನೆಯದೊಂದು. ಜ್ಞಾನಸ್ನಾನವಾಗದೆ ಸತ್ತ ಕೂಸುಗಳು ಅಲ್ಲಿ ಡ್ವೆನ್ ಆಗುತ್ತವಂತೆ, ಮುಖವಿಲ್ಲ, ಪಾದ ಹಿಂದುಮುಂದು. ಮುಸ್ಸಂಜೆಯಲ್ಲಿ ಮಕ್ಕಳ ಹೆಸರು ಕೂಗಿದರೆ ಕೇಳಿಸಿಕೊಂಡು, ಅದೇ ಹೆಸರಿನಿಂದ ಕರೆದು ಕಾಡಿಗೆ ಒಯ್ಯುತ್ತವೆ ಎಂದು ತಾಯಂದಿರು ಹೊರಗೆ ನಿಂತು ಹೆಸರು ಕೂಗುವುದಿಲ್ಲ. ರಾತ್ರಿ ಒಂದೇ ಸಲ ಕರೆದರೆ ಓಗೊಡಬಾರದೆಂದು ಅಜ್ಜಿ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು.

ಅಲ್ಲಿ ಸಂಜೆ 6 ಗಂಟೆಯಾದರೆ ನಮಗೆ ಬೆಳಗಿನ ಜಾವ 3.30. ಎದ್ದಿರುತ್ತೇನೆ, ಫೋನ್ ಮಾಡುತ್ತೇನೆ. ಹೆಸರು ಹಿಡಿಯುವುದಿಲ್ಲ, ಪುಟ್ಟಿ ಎಂದಷ್ಟೇ ಕರೆಯುತ್ತೇನೆ. ಎರಡನೆಯ ಸಲ ಕರೆದಾಗ ಓಗೊಡು.

ನಿನ್ನ
ಅಮ್ಮ