ಚೆನ್ನೆಮಣೆ ಕೊಟ್ಟ ಅಮ್ಮನವರಿಗೆ

ನಮ್ಮ ಸರ್ಕಾರಿ ಶಾಲೆಗೆ ಬಂದು, ಕಾಳು ಹಂಚಿ ಆಡುವ ಗುಳಿಗಳ ಮಣೆಯಾದ ಚೆನ್ನೆಮಣೆಯೊಂದನ್ನೂ ಆಟಕ್ಕೆ ಬೇಕಾದ ಮಂಜೊಟ್ಟಿ ಎಂಬ ಕೆಂಪು ಕಾಳುಗಳನ್ನು ಚೀಲದ ತುಂಬವೂ ಕೊಟ್ಟು, ಹೆಸರನ್ನೂ ಹೇಳದೆ ಹೊರಟುಹೋದ ತಮಗೆ ನಾಲ್ಕನೆಯ ತರಗತಿಯ ಶಿಕ್ಷಕಿಯಾಗಿ ಹೃತ್ಪೂರ್ವಕ ಕೃತಜ್ಞತೆ ಸಲ್ಲಿಸುತ್ತೇನೆ. 14 ಗುಳಿಗಳಿಗೆ ತಲಾ 4ರಂತೆ 56 ಕಾಳು ತುಂಬುವಾಗಲೇ ಗುಣಾಕಾರ ಮಕ್ಕಳ ಕೈಗೆ ಹತ್ತುತ್ತದೆ ಎಂಬುದನ್ನು ತಾವು ಅವರೊಡನೆ ನೆಲದ ಮೇಲೆ ಕುಳಿತು ತೋರಿಸಿಕೊಟ್ಟಿರಿ. ಮಗ್ಗಿ ಒಪ್ಪಿಸಲು ಅಂಜುತ್ತಿದ್ದ ಹುಡುಗಿಯೊಬ್ಬಳು ಈಗ ಯಾವ ಗುಳಿಯ ಕಾಳು ಎತ್ತಿ ಹಂಚಿದರೆ ಕೊನೆಯ ಕಾಳು ಎಲ್ಲಿ ಬೀಳುತ್ತದೆಂದು ಮಣೆಯನ್ನು ಮುಟ್ಟದೆಯೇ ಲೆಕ್ಕ ಹಾಕಿ ಹೇಳುತ್ತಾಳೆ. ಬಾಯಿಪಾಠದ ಮಗ್ಗಿಗಿಂತ ಇದನ್ನೇ ನಾನು ದೊಡ್ಡ ಗಳಿಕೆಯೆಂದು ಭಾವಿಸುತ್ತೇನೆ. ತುಳುನಾಡಿನ ಮಳೆಗಾಲದ ಆಟಿ ತಿಂಗಳಿಗಷ್ಟೇ ಅಟ್ಟದಿಂದ ಇಳಿಯುತ್ತಿದ್ದ ಮಣೆ ನಮ್ಮ ತರಗತಿಯಲ್ಲಿ ವರ್ಷವಿಡೀ ಇರುತ್ತದೆ. ಮಿಕ್ಕ ಕಾಳುಗಳನ್ನು ಐದನೆಯ ತರಗತಿಯವರು ಭಾಗಾಕಾರಕ್ಕೆ ಬಳಸುತ್ತಿದ್ದಾರೆ. ದಯವಿಟ್ಟು ಮತ್ತೊಮ್ಮೆ ಬಂದು ಮಕ್ಕಳೊಡನೆ ಆಡಬೇಕು, ಅಮ್ಮ.