ಬೀಸುವ ಪದಕ್ಕೂ ರ್‍ಯಾಪ್‌ಗೂ ಒಂದೇ ತಕ್ಕಡಿಯೇ?

ಮಾನ್ಯರೇ,

ಕಲಬುರಗಿಯ ಕಾಲೇಜೊಂದರ ಗಾಯನ ಸ್ಪರ್ಧೆಗೆ ಮೊನ್ನೆ ತೀರ್ಪುಗಾರಳಾಗಿ ಹೋಗಿದ್ದೆ. ಒಬ್ಬ ಹುಡುಗಿ ಯಾವ ವಾದ್ಯವೂ ಇಲ್ಲದೆ ಬೀಸುವ ಪದ ಹಾಡಿದಳು. ಅವಳ ಬೆನ್ನಿಗೇ ಒಬ್ಬ ಹುಡುಗ, ಮೊಬೈಲಿನಿಂದ ಬೀಟ್ ಹಾಕಿಸಿಕೊಂಡು, ಬಸ್ಸು ಬಾರದ ತನ್ನೂರಿನ ಪಾಡನ್ನು ರ್‍ಯಾಪ್ ಮಾಡಿದ. ಸಭಾಂಗಣವೇ ಎದ್ದು ಕುಣಿಯಿತು. ಅಂಕಪಟ್ಟಿಯಲ್ಲಿ 'ತಾಳ' ಎಂಬ ಕಾಲಂ ಇತ್ತು. ಪಕ್ಕದ ತೀರ್ಪುಗಾರರು ಹುಡುಗಿಗೆ 10ಕ್ಕೆ 3 ಕೊಟ್ಟರು. ಕೇಳಿದರೆ, 'ತಬಲಾನೇ ಇಲ್ಲಲ್ರಿ ಮೇಡಂ, ತಾಳ ಎಲ್ಲಿಂದ ಬರಬೇಕು?'

ನಮ್ಮವ್ವ ಜೋಳ ಬೀಸುತ್ತಾ ಹಾಡುವಾಗ ಕಲ್ಲೇ ತಾಳ. ಗೂಟ ಎದೆಯ ಕಡೆ ಬಂದಾಗ ಉಸಿರು, ದೂರ ಸರಿದಾಗ ಸಾಲು; ಕಲ್ಲಿನ ಬಾಯಿಗೆ ಹಿಡಿ ಜೋಳ ಸುರಿಯುವಷ್ಟು ಹೊತ್ತು ಬಿಡುವು. ಈ ಹುಡುಗಿ ಕಲ್ಲಿಲ್ಲದಿದ್ದರೂ ಅದೇ ಜಾಗಗಳಲ್ಲೇ ನಿಂತು, ಅಲ್ಲಿಂದಲೇ ಎತ್ತಿಕೊಂಡಳು.

ಹುಡುಗನನ್ನು ಹಳಿಯುತ್ತಿಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಚಿಗುರಿದ ಹಿಪ್‌ಹಾಪ್, ಅಂದರೆ ಈ ರ್‍ಯಾಪ್‌ನ ತವರು, ಬೆಳೆದದ್ದೇ ಎರಡು ರೆಕಾರ್ಡು ತಿರುಗಿಸಿ, ಹಾಡಿನ ಡ್ರಮ್ ಭಾಗವನ್ನು ಹಿಗ್ಗಿಸಿ, ಅದರ ಮೇಲೆ ಮಾತು ಕಟ್ಟುತ್ತಾ. ಬೀಟ್ ಅದಕ್ಕೆ ನೆಲ. ಅವನ ಪ್ರಾಸಗಳೂ ನಮ್ಮ ಆಡುಮಾತಿನವೇ, ನನಗೂ ನಗು ಬಂತು. ಆದರೆ ಎರಡು ಕಡೆ ಉಸಿರು ಸಾಲದೆ ಪದ ನುಂಗಿದ, ಬೀಟ್ ಮುಚ್ಚಿಹಾಕಿತು. ಹುಡುಗಿ ಎಡವಿದ್ದರೆ ಮುಚ್ಚಲು ಏನಿತ್ತು?

ಮುಂದಿನ ಸಲ ಎರಡಕ್ಕೂ ಬೇರೆ ವಿಭಾಗ ಮಾಡಲಿ. ಆಗದಿದ್ದರೆ, ಒಂದು ಸುತ್ತು ರ್‍ಯಾಪ್ ಹುಡುಗರೂ ಬೀಟ್ ಬಿಟ್ಟು ಹಾಡಲಿ.

– ನಿವೃತ್ತ ಶಿಕ್ಷಕಿ, ಆಳಂದ